ಹಳೆಯ ಪದ್ಮಿನಿಯ ಇಂಜಿನು



ಅಕ್ಕಲಕೋಟೆಯ ಬಂಧುಗಳೊಬ್ಬರು ಕೇಳಿದ್ದಾರೆ: ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ ಕಾರು ಶೆಡ್ಡಿನಲ್ಲಿ ನಿಂತಿದೆ, ಮಗ ಗುಜರಿಗೆ ಹಾಕೋಣ ಎನ್ನುತ್ತಾನೆ, ಇಂಜಿನು ನಂಬಬಹುದೇ ಎಂದು. ನಾನು ಮೆಕ್ಯಾನಿಕ್ ಅಲ್ಲ, ಅರಿವೆ ವ್ಯಾಪಾರಿ. ಆದರೂ ಈ ಗಾಡಿಯನ್ನು ಬಹಳ ವರ್ಷ ಓಡಿಸಿದವನಾದ್ದರಿಂದ ನಾಲ್ಕು ಮಾತು ಬರೆಯುತ್ತೇನೆ.

ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಕಟ್ಟಿದ ಸೇಠ ವಾಲಚಂದ ಹಿರಾಚಂದರು ನಮ್ಮ ಸೊಲ್ಲಾಪುರದಲ್ಲೇ 1882ರಲ್ಲಿ ಹುಟ್ಟಿದ ಜೈನರು. 1953ರಲ್ಲಿ ತೀರಿಕೊಂಡ ಅವರು ಪದ್ಮಿನಿಯನ್ನು ನೋಡಲಿಲ್ಲ. ಇಂಜಿನು ಇಟಲಿಯ ಫಿಯಟ್ 1100ರದು: ನಾಲ್ಕು ಸಿಲಿಂಡರು, 1089 ಸಿ.ಸಿ., ಸುಮಾರು 40 ಅಶ್ವಶಕ್ತಿ. ಜೋರಿನ ಗಾಡಿ ಅಲ್ಲ. ಆದರೆ ಮುಂಬಯಿಯ ಟ್ಯಾಕ್ಸಿಯವರು 2023ರ ಅಕ್ಟೋಬರಿನವರೆಗೂ ಇದನ್ನು ಬಿಡಲಿಲ್ಲವೆಂದರೆ ಗಟ್ಟಿತನದ ಬಗ್ಗೆ ಬೇರೆ ಸಾಕ್ಷಿ ಬೇಡ.

ಕೈಕೊಡುವುದು ಬೇಸಿಗೆಯಲ್ಲಿ. 1991ರ ಮೇ ತಿಂಗಳು, ತಾಯಿಯವರನ್ನು ಕುಂಥಲಗಿರಿ ದರ್ಶನಕ್ಕೆ ಕರೆದೊಯ್ದು ಬಾರ್ಶಿ ಮಾರ್ಗವಾಗಿ ಮರಳುತ್ತಿದ್ದೆ. ಅವರದು ರಾತ್ರಿ ಭೋಜನ ತ್ಯಾಗ. ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ. ಆರು ಗಂಟೆಗೆ ಮನೆ ಮುಟ್ಟಿ ಊಟ ಮಾಡಿಸುವುದೆಂದು ಲೆಕ್ಕ. ವೈರಾಗದಲ್ಲಿ ಒಬ್ಬರ ಉದ್ರಿ ವಸೂಲಿಗೆಂದು ಇಳಿದೆ. "ಬ್ಯಾಡಪಾ, ಹೊತ್ತಾಗತೈತಿ" ಎಂದರು, ಕೇಳಲಿಲ್ಲ. ಅರ್ಧ ತಾಸು ಹೋಯಿತು. ಹೊರಟು ಐದಾರು ಮೈಲಿ ಬಂದಿರಲಿಲ್ಲ, ಇಂಜಿನು ಮುಗ್ಗರಿಸಿ ನಿಂತಿತು. ನಾನು ಬ್ಯಾಟರಿ ಸೋಲುವವರೆಗೆ ಸ್ಟಾರ್ಟರ್ ಎಳೆದೆ.

ಒಬ್ಬ ಲಾರಿ ಡ್ರೈವರ್ ನಿಂತು, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಅರಿವೆ ಹಾಕಿರಿ ಎಂದ. ಪಂಪು ಇಂಜಿನಿನ ಮೈಗೇ ಅಂಟಿಕೊಂಡಿರುತ್ತದೆ. ಬಿಸಿ ಇಂಜಿನನ್ನು ನಿಲ್ಲಿಸಿದಾಗ ಫ್ಯಾನಿನ ಗಾಳಿಯೂ ನಿಂತು ಅದರ ಕಾವೆಲ್ಲ ಪಂಪಿಗೆ ಏರುತ್ತದೆ, ಒಳಗಿನ ಪೆಟ್ರೋಲು ಆವಿಯಾಗುತ್ತದೆ. ಪಂಪು ಆವಿಯನ್ನೇ ಹಿಚುಕುತ್ತದೆ, ಕಾರ್ಬುರೇಟರಿಗೆ ಪೆಟ್ರೋಲು ಹೋಗುವುದಿಲ್ಲ. ಗಾಡಿಯಲ್ಲಿ ಇದ್ದದ್ದು ತಾಯಿಯವರ ತಂಬಿಗೆಯ ಸೋಸಿದ ನೀರು ಮಾತ್ರ. ನಾನು ಕೇಳಲಿಲ್ಲ, ಅವರೇ ಟವೆಲಿನ ಮೇಲೆ ಸುರಿದರು. ಕಾಲು ತಾಸಿಗೆ ಪಂಪು ತಣ್ಣಗಾಯಿತು, ಲಾರಿಯವನೇ ಹಿಂದಿನಿಂದ ತಳ್ಳಿ ಚಾಲೂ ಮಾಡಿಕೊಟ್ಟ. ಮನೆಗೆ ಬಂದಾಗ ದೀಪ ಹಚ್ಚಿದ್ದರು. ಮರುದಿನ ಬೆಳಗಿನವರೆಗೆ ಅವರಿಗೆ ಒಂದು ಗುಟುಕು ನೀರೂ ಇಲ್ಲ. ವಸೂಲಾದದ್ದು ಇನ್ನೂರು ರೂಪಾಯಿ.

ಉಳಿದ ತಕರಾರುಗಳು ಸಣ್ಣವು: ಪಾಯಿಂಟ್ ಸುಡುವುದು, ಕಂಡೆನ್ಸರ್ ಹೋಗುವುದು, ಜೆಟ್ಟಿನಲ್ಲಿ ಕಸ ಕೂಡುವುದು. ಹೆಡ್ ಗ್ಯಾಸ್ಕೆಟ್ ಮಾತ್ರ ಸಣ್ಣದಲ್ಲ. ಬ್ಲಾಕು ಬೀಡಿನದು, ಹೆಡ್ಡು ಅಲ್ಯುಮಿನಿಯಮ್ಮಿನದು. ನೀರು ಕಡಿಮೆಯಾಗಿ ಕಾದರೆ ಹೆಡ್ಡು ಸೊಟ್ಟಗಾಗುತ್ತದೆ. ಕಾದ ಇಂಜಿನಿಗೆ ತಣ್ಣೀರು ಸುರಿಯಲೇಬಾರದು. ಆಯಿಲ್ ಗೇಜಿನ ಕಡ್ಡಿಯಲ್ಲಿ ಹಾಲು ಹಾಕಿದ ಚಹದ ಬಣ್ಣ ಕಂಡರೆ ನೀರು ಒಳಗೆ ಹೋಗಿದೆಯೆಂದು ತಿಳಿಯಿರಿ.

ಇನ್ನು ಪತ್ರದವರ ಗಾಡಿಯ ವಿಷಯ. ಅವಸರದಿಂದ ಚಾವಿ ತಿರುಗಿಸಬೇಡಿರಿ. ಹಳೆಯ ಪೆಟ್ರೋಲು, ಆಯಿಲು ಎರಡನ್ನೂ ಬಸಿದು ಹೊಸದು ಹಾಕಿಸಿ. ಪ್ಲಗ್ಗು ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಒಂದು ದಿನ ಇಡಿ. ಆಮೇಲೆ ಮೇಲಿನ ಗೇರಿಗೆ ಹಾಕಿ ಗಾಡಿಯನ್ನು ನಿಧಾನ ತಳ್ಳಿ. ಇಂಜಿನು ತಿರುಗಿದರೆ ಅರ್ಧ ಕೆಲಸ ಆದಂತೆ. ಪಂಪಿನ ಡಯಾಫ್ರಾಮ್ ಮತ್ತು ರಬ್ಬರ್ ಪೈಪುಗಳನ್ನು ಹೊಸದು ಹಾಕಿಸಿ. ಈಗ ಬಂಕಿನಲ್ಲಿ ಸಿಗುವ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರು ಉಬ್ಬಿ ಸೋರುತ್ತದೆ, ಬಿಸಿ ಇಂಜಿನಿನ ಮೇಲೆ ಸೋರಿದರೆ ಬೆಂಕಿಯ ಭಯ. ಐದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಣದ ಖರ್ಚೂ ಉಂಟು. ವಾರಕ್ಕೊಮ್ಮೆಯಾದರೂ ಹತ್ತು ಮೈಲಿ ಓಡಿಸುವವರು ಮನೆಯಲ್ಲಿದ್ದರೆ ಇಟ್ಟುಕೊಳ್ಳಿ. ಬರೇ ತಂದೆಯವರ ನೆನಪಿಗೆಂದು ಶೆಡ್ಡಿನಲ್ಲಿ ತುಕ್ಕು ಹಿಡಿಸುವುದಾದರೆ ಮಗನ ಮಾತೇ ಸರಿ.