ಪಾಲಿಲ್ಲದ ಪಾಲುದಾರ

ಕಾರ್ಗಲ್ಲಿನಲ್ಲಿ ನನ್ನ ತರಗತಿಗಳಲ್ಲಿ ಕುಳಿತು, ಇಂದು ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುತ್ತಿರುವ ನಿಮ್ಮಲ್ಲಿ ಹಲವರಿಗೆ ಸಂಬಳದ ಜೊತೆಗೆ ಷೇರುಗಳೂ ದೊರೆಯುತ್ತವೆ. ಅದು ನಿಮ್ಮ ದುಡಿಮೆಯ ಫಲ, ನನಗೆ ಸಂತೋಷವೇ. ನನ್ನ ಜಗಳವಿರುವುದು ಒಂದು ಶಬ್ದದೊಡನೆ.

ನೌಕರರ ಷೇರು ಯೋಜನೆಯ ತತ್ತ್ವ ಸರಳವಾದುದು. ಇಂತಿಷ್ಟು ವರ್ಷ ದುಡಿದರೆ ಇಂತಿಷ್ಟು ಷೇರುಗಳನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು ನೌಕರನದು. ಕಂಪನಿ ಬೆಳೆದರೆ ಅವನೂ ಬೆಳೆಯುತ್ತಾನೆ. ಬೆಳೆಸಿದವನಿಗೆ ಬೆಳೆಯಲ್ಲಿ ಪಾಲು ಎಂಬ ಈ ನ್ಯಾಯವನ್ನು ಯಾರು ತಾನೇ ಅಲ್ಲಗಳೆದಾರು?

2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಹೋಟೆಲಿನ ಊಟವನ್ನು ಮನೆಬಾಗಿಲಿಗೆ ತಲುಪಿಸುವ ಸ್ವಿಗ್ಗಿ ಕಂಪನಿ 2024ರ ನವೆಂಬರ್ 13ರಂದು ಷೇರುಪೇಟೆಯನ್ನು ಪ್ರವೇಶಿಸಿತು. ಸಾರ್ವಜನಿಕರಿಗೆ ಷೇರೊಂದಕ್ಕೆ 390 ರೂಪಾಯಿ ನಿಗದಿಯಾಗಿತ್ತು. ಷೇರು ಯೋಜನೆಯಿಂದ ಸುಮಾರು 500 ನೌಕರರು ಕೋಟ್ಯಧಿಪತಿಗಳಾಗುವರೆಂದು ಪತ್ರಿಕೆಗಳು ಬರೆದವು. ಆದರೆ ಮಳೆಯಲ್ಲಿ ನೆನೆಯುತ್ತ ಊಟದ ಚೀಲ ಹೊತ್ತು ಮೂರು ಮಹಡಿ ಹತ್ತುವ ಯುವಕ ಆ ಯೋಜನೆಯ ಹೊರಗಿದ್ದ. ಏಕೆಂದರೆ ಅವನು ನೌಕರನಲ್ಲ; ‘ಡೆಲಿವರಿ ಪಾರ್ಟ್‌ನರ್’.

ಪಾರ್ಟ್‌ನರ್ ಎಂದರೆ ಪಾಲುದಾರ. ಬೈಕು ಅವನದು, ಪೆಟ್ರೋಲು ಅವನದು, ಬಿದ್ದರೆ ಮುರಿಯುವ ಮೂಳೆಯೂ ಅವನದು. ಪಾಲು ಮಾತ್ರ ಅವನದಲ್ಲ. ಪಾಲಿಲ್ಲದವನನ್ನು ಪಾಲುದಾರನೆಂದು ಕರೆಯುವುದು ಭಾಷೆಗೆ ಮಾಡುವ ದ್ರೋಹ.

ಇಂದು ಬಂದು ನಾಳೆ ಹೋಗುವವನಿಗೆ ಷೇರು ಕೊಡುವುದು ಹೇಗೆ ಎಂದು ನೀವು ಕೇಳಬಹುದು. ವರ್ಷಗಳನ್ನು ಎಣಿಸುವಂತೆಯೇ ತಲುಪಿಸಿದ ಊಟಗಳನ್ನೂ ಎಣಿಸಬಹುದು. ಕಂಪನಿಯ ಗಣಕಯಂತ್ರ ಅದನ್ನು ಈಗಾಗಲೇ ಎಣಿಸುತ್ತಿದೆ. ಕಾನೂನು ಅಡ್ಡಿ ಬರುತ್ತದೆಯೆನ್ನುವಿರಾ? 2021ರ ಸೆಬಿ ನಿಯಮಗಳು ‘ಕಾಯಂ’ ನೌಕರನೆಂಬ ಷರತ್ತನ್ನು ಸಡಿಲಿಸಿದವು. ಅನ್ಯತ್ರ ದುಡಿಯಬಾರದೆಂಬ ಷರತ್ತು ಉಳಿಯಿತು. ಎರಡು ಕಂಪನಿಗಳಿಗೆ ದುಡಿಯುವವನಿಗೆ ಅದು ತೊಡಕೇ ಸರಿ. ಮನಸ್ಸಿದ್ದರೆ ಅದಕ್ಕೂ ದಾರಿಯಿದೆ. 2019ರಲ್ಲಿ ಅಮೆರಿಕದ ಉಬರ್ ಷೇರುಪೇಟೆಗೆ ಬರುವಾಗ ಅರ್ಹ ಚಾಲಕರಿಗೆ, ಅವರು ಪೂರೈಸಿದ ಪ್ರಯಾಣಗಳ ಸಂಖ್ಯೆಗನುಗುಣವಾಗಿ ನಗದು ಕೊಟ್ಟು, ಬೇಕಾದವರು ಅದೇ ಹಣದಿಂದ ಷೇರು ಕೊಳ್ಳಲು ಅವಕಾಶ ಮಾಡಿತು. ಅದು ದೊಡ್ಡ ಔದಾರ್ಯವಲ್ಲ. ಆದರೂ ಲೆಕ್ಕದಲ್ಲಿ ಚಾಲಕನ ಹೆಸರಿತ್ತು.

ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯಿದೆ ತಂದು, ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅವಕಾಶ ಕಲ್ಪಿಸಿದೆ. ಅದು ಸ್ವಾಗತಾರ್ಹ. ಆದರೆ ಕಲ್ಯಾಣನಿಧಿ ಕಷ್ಟಕಾಲದ ಆಸರೆ. ಷೇರು ಏಳಿಗೆಯಲ್ಲಿ ಪಾಲು. ಒಂದು ಇನ್ನೊಂದಕ್ಕೆ ಬದಲಾಗಲಾರದು.

ಪಾಲಿನ ಬದಲು ದೊಡ್ಡ ಪದವಿ ಕೊಡುವ ಈ ಜಾಣತನ ನಮ್ಮ ಸೀಮೆಗೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು; ಶರಾವತಿಯ ವಿದ್ಯುತ್ತು ನಾಡನ್ನೇ ಬೆಳಗಿತು. ಮನೆ, ಗದ್ದೆ, ತೋಟ ಮುಳುಗಿಸಿಕೊಂಡವರಿಗೆ ‘ತ್ಯಾಗಿಗಳು’ ಎಂಬ ಬಿರುದು ಸಿಕ್ಕಿತು. ಅವರಲ್ಲಿ ಎಷ್ಟೋ ಕುಟುಂಬಗಳು ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಬಿರುದಿನಿಂದ ಯಾರ ಒಲೆಯೂ ಉರಿಯುವುದಿಲ್ಲ.

ಪಟ್ಟಿಯಲ್ಲಿರುವ ಕಂಪನಿಯು ಇಂಥ ಷೇರು ಯೋಜನೆಗೆ ಷೇರುದಾರರ ವಿಶೇಷ ನಿರ್ಣಯವನ್ನು ಪಡೆಯಬೇಕು. ಷೇರುಳ್ಳ ನನ್ನ ಮಕ್ಕಳೇ, ನಿಮಗೆ ಅಲ್ಲಿ ಮತವಿದೆ. ಮುಂದಿನ ಸಲ ಮತ ಹಾಕುವ ಮೊದಲು ಕೇಳಿರಿ: ಊಟ ಹೊತ್ತವನ ಪಾಲೆಲ್ಲಿ? ಕೊಡಲಾಗದಿದ್ದರೆ, ಪಾಲುದಾರನೆಂಬ ಆ ಹೆಸರನ್ನಾದರೂ ಹಿಂದಕ್ಕೆ ಪಡೆಯಲಿ.