ಗೋಡೆಯ ಪಟ

ಅಚ್ಚಾದ ಕಾಗುಣಿತ ಪಟವೊಂದು ಸೂರಿನ ಹತ್ತಿರ ತೂಗುತ್ತಿರುವುದು ನಮ್ಮ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಪರಿಚಿತ ದೃಶ್ಯ. ಒಂದನೆಯ ತರಗತಿಯ ಮಗುವಿನ ಕಣ್ಣಿಗಾಗಲಿ ಬೆರಳಿಗಾಗಲಿ ಅದು ಎಟುಕದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲುಗೊಂಡ ನಲಿಕಲಿ ಪದ್ಧತಿಯು ವರ್ಣಮಾಲೆಯ ಕ್ರಮವನ್ನೇ ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಓದನ್ನು ಆರಂಭಿಸುತ್ತದೆ. ಪಂಡಿತರು ಮುನಿದರೆ ಮುನಿಯಲಿ, ಅಷ್ಟರಿಂದಲೇ ಮಗು ಅರಸ, ಅಗಸ, ಗರಗಸ ಎಂದು ಓದಬಲ್ಲುದು. ಪಟವೂ ಹೀಗೆಯೇ ಪಾಠದೊಡನೆ ಬೆಳೆಯಬೇಕು. ಉಪಾಧ್ಯಾಯರು ಮಕ್ಕಳ ಮುಂದೆಯೇ, ಅವರು ಆಡಿದ ಮಾತುಗಳನ್ನೇ ದಪ್ಪಕ್ಷರದಲ್ಲಿ ಬರೆದು, ಅವರ ಎತ್ತರಕ್ಕೆ ತೂಗುಹಾಕಲಿ. ಓದುವಾಗ ತಡವರಿಸಿದ ಮಗು ತಾನೇ ಎದ್ದುಹೋಗಿ ನೋಡಿಕೊಳ್ಳಲಿ. ಕಲಿತದ್ದಾದ ಮೇಲೆ ಅದನ್ನು ಇಳಿಸಿಬಿಡಬೇಕು. ಇದಕ್ಕೆ ಬೇಕಾದದ್ದು ಕಾಗದ, ಮಸಿ ಮತ್ತು ಉಪಾಧ್ಯಾಯರ ಬಿಡುವು. ಆ ಬಿಡುವನ್ನು ದಾಖಲೆಯ ಪುಸ್ತಕಗಳು ನುಂಗುತ್ತಿವೆ; ಇಲಾಖೆಯು ಮೊದಲು ಅದನ್ನು ಬಿಡಿಸಿಕೊಡಲಿ.