ಮದ್ಯದ ಪೆಟ್ಟಿಗೆಗಿರುವ ಲೆಕ್ಕ ಅಡಿಕೆಯ ಚೀಲಕ್ಕೇಕಿಲ್ಲ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಯಾವುದೇ ಸಿ.ಎಲ್.-2 ಮದ್ಯದಂಗಡಿಗೆ ಅಥವಾ ಸಿ.ಎಲ್.-9 ಬಾರಿಗೆ ಬರುವ ಪೆಟ್ಟಿಗೆಗಳೆಲ್ಲ ಒಬ್ಬನೇ ಸಗಟು ಮಾರಾಟಗಾರನಿಂದ ಬರತಕ್ಕವು. ಆತನೇ ಕರ್ನಾಟಕ ರಾಜ್ಯ ಪಾನೀಯ ನಿಗಮ. ಮೊದಲು ಸಿ.ಎಲ್.-1 ಸನ್ನದು ಪಡೆದ ಖಾಸಗಿ ವರ್ತಕರು ಈ ಸಗಟು ವ್ಯಾಪಾರ ನಡೆಸುತ್ತಿದ್ದರು. 2003ರಲ್ಲಿ ಸರ್ಕಾರವು ಅದನ್ನು ತನ್ನದೇ ನಿಗಮಕ್ಕೆ ವಹಿಸಿತು. ಸುಂಕ ಸೋರಿಹೋಗಬಾರದೆಂಬುದೇ ಇದರ ಮುಖ್ಯ ಉದ್ದೇಶ.

ಈ ಏರ್ಪಾಡಿನ ಶಿಸ್ತು ಗಮನಿಸತಕ್ಕದ್ದು. ಅಂಗಡಿಯವನು ಬೇಡಿಕೆ ಪಟ್ಟಿ ಸಲ್ಲಿಸಬೇಕು, ಹಣವನ್ನು ಮುಂಗಡ ಕಟ್ಟಬೇಕು, ಪರವಾನಿಗೆ ಪಡೆಯಬೇಕು. ಆಮೇಲೆಯೇ ಮಾಲು ಡಿಪೋದಿಂದ ಹೊರಡುವುದು. ಬಾಟಲಿಗೆ ಅಬಕಾರಿ ಚೀಟಿ ಅಂಟಿರಬೇಕು. ಉದ್ದರಿಯ ಮಾತಿಲ್ಲ. ಕುಡಿತದಿಂದ ಎಷ್ಟೋ ಮನೆಗಳು ಹಾಳಾಗಿರುವುದು ಬೇರೆಯೇ ವಿಚಾರ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದದ್ದೂ ಅದೇ ಕಾರಣಕ್ಕೆ. ಇಲ್ಲಿ ನಾವು ನೋಡುತ್ತಿರುವುದು ಸಗಟಿನ ಲೆಕ್ಕವನ್ನು ಮಾತ್ರ.

ಇನ್ನು ನಮ್ಮ ಮಾಲಿನ ಗತಿ ನೋಡೋಣ. 1966ರ ಕೃಷಿ ಮಾರುಕಟ್ಟೆ ಕಾಯಿದೆಯಲ್ಲಿ ವರ್ತಕನಿಗೆ ಲೈಸೆನ್ಸು, ಮಾಲಿಗೆ ಹರಾಜು, ಸರಿಯಾದ ತೂಕ, ಪಟ್ಟಿ ಎಲ್ಲವೂ ಇವೆ. ಆದರೆ ಎಕರೆ ಅರ್ಧ ಎಕರೆಯ ಬೆಳೆಗಾರ ಫಸಲನ್ನು ಮರದ ಮೇಲೆಯೇ ಚೇಣಿಗೆ ಕೊಡುತ್ತಾನೆ, ಇಲ್ಲವೇ ಅಂಗಳಕ್ಕೆ ಬಂದವನಿಗೆ ತೂಗಿಕೊಡುತ್ತಾನೆ. ಮಾಲು ಮೊದಲು, ಹಣ ಆಮೇಲೆ. ಕೈಗೆ ಬರುವುದು ಬಿಳಿ ಚೀಟಿ, ಅದರಲ್ಲಿಯೂ ಸೂಟು. ಕೊಂಡವನು ಊರು ಬಿಟ್ಟರೆ ಆ ಚೀಟಿ ಹಿಡಿದು ಯಾರ ಬಾಗಿಲು ತಟ್ಟುವುದು? ಅಲ್ಲಿ ಹಣ ಬಾರದೆ ಪೆಟ್ಟಿಗೆ ಕದಲದು. ಇಲ್ಲಿ ಚೀಲ ಹೋದರೂ ಹಣ ಬಾರದು.

ಒಂದೇ ಬಾಗಿಲಿನ ವ್ಯಾಪಾರ ನಮ್ಮ ಕಾಫಿ ಬಂಧುಗಳಿಗೆ ಹೊಸದಲ್ಲ. 1940ರ ದಶಕದಿಂದ ಕಾಫಿಯೆಲ್ಲ ಮಂಡಳಿಯ ಪೂಲಿಗೆ ಹೋಗಬೇಕಾಗಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. 1992ರಿಂದ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಕಾಫಿಯನ್ನು ಪೂರ್ತಿ ಮುಕ್ತಗೊಳಿಸಲಾಯಿತು. ಕೇಂದ್ರವು ಕಾಫಿಗೆ ತೆಗೆದ ಬಾಗಿಲನ್ನು ಏಳೇ ವರ್ಷಗಳಲ್ಲಿ ರಾಜ್ಯವು ಮದ್ಯಕ್ಕೆ ಹಾಕಿತು. ಪೂಲಿನಲ್ಲಿ ಕಾದವನು ಬೆಳೆಗಾರ. ನಿಗಮದ ಡಿಪೋದಲ್ಲಿ ಖಜಾನೆ ಕಾಯುವುದಿಲ್ಲ. ಬಾಗಿಲು ಒಂದೋ ಹತ್ತೋ ಎಂಬುದಕ್ಕಿಂತ, ಅದರ ಮುಂದೆ ಕಾಯುವವರು ಯಾರು ಎಂಬುದೇ ಮುಖ್ಯ.

ಮದ್ಯದ ಮಾತೇ ಬೇರೆ ಎನ್ನುವವರಿದ್ದಾರೆ. ನಿಜ. ಮದ್ಯ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ, ಸರ್ಕಾರ ಅದನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು 1994ರಲ್ಲಿ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಹೇಳಿದೆ. ಅಡಿಕೆಗೆ ಅಂತಹ ಏಕಸ್ವಾಮ್ಯ ಬೇಕೆಂದು ನಾವೂ ಕೇಳುತ್ತಿಲ್ಲ. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರರ ಸೇಲ್ ಸೊಸೈಟಿಯಾಗಲಿ, 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಆಗಲಿ ಏಕಸ್ವಾಮ್ಯವಿಲ್ಲದೆಯೇ ಬೆಳೆದಿವೆ. ನಾವು ಕೇಳುವುದು ಮೂರೇ ಸಂಗತಿ. ಅಡಿಕೆ ವರ್ತಕನ ಲೈಸೆನ್ಸಿಗೆ ಅವನ ವಹಿವಾಟಿಗೆ ತಕ್ಕ ಠೇವಣಿ ಇರಲಿ. ತೂಕವಾದ ದಿನವೇ ಪಟ್ಟಿಯೂ ಹಣವೂ ಸಿಗಲಿ. ಚೇಣಿಯ ಕರಾರು ಮಾರುಕಟ್ಟೆ ಸಮಿತಿಯಲ್ಲಿ ದಾಖಲಾಗಲಿ.

ಖಜಾನೆಯ ಹಣಕ್ಕಾಗಿ ಒಂದೊಂದು ಬಾಟಲಿಯ ಲೆಕ್ಕ ಇಡಬಲ್ಲ ಸರ್ಕಾರಕ್ಕೆ ಇದು ಅಸಾಧ್ಯವಲ್ಲ. ನಾಲ್ಕೂ ತಾಲ್ಲೂಕುಗಳ ಶಾಸಕರ ಮುಂದೆ ಸಂಘಗಳು ಈ ಬೇಡಿಕೆಯನ್ನು ಇಡತಕ್ಕದ್ದು. ಅಲ್ಲಿಯವರೆಗೆ ಬೆಳೆಗಾರ ಬಂಧುಗಳು ಪಟ್ಟಿಯಿಲ್ಲದೆ ಒಂದು ಚೀಲವನ್ನೂ ಅಂಗಳ ದಾಟಿಸಬಾರದೆಂದು ನಮ್ಮ ವಿನಂತಿ.